ಬೂದು ಬಣ್ಣದ ಮನೆ

ಆಫೀಸಿನಲ್ಲಿ ಅವಳನ್ನು ಹದ್ದಮ್ಮ ಎನ್ನುತ್ತಿದ್ದರು. ಅದರಲ್ಲಿ ಹೊಗಳಿಕೆ ಎಷ್ಟು, ಕೀಟಲೆ ಎಷ್ಟು ಎಂದು ಅವಳು ತಲೆ ಕೆಡಿಸಿಕೊಂಡವಳಲ್ಲ. ಉಪಗ್ರಹ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹರಡಿಕೊಂಡು, ಒಂದೊಂದು ಮನೆಯ ಸುತ್ತ ಗೆರೆ ಎಳೆದು, ಅಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸ. ತಾರಸಿಯ ಮೇಲೆ ಬಟ್ಟೆ ಒಣಗುತ್ತಿದೆಯೇ, ಅಂಗಳದಲ್ಲಿ ಸೈಕಲ್ಲೋ ಬಕೆಟ್ಟೋ ಕಾಣುತ್ತದೆಯೇ, ಗೇಟಿನಿಂದ ಬಾಗಿಲವರೆಗೆ ಓಡಾಡಿದ ಗುರುತಿದೆಯೇ ಎಂದು ನೋಡಬೇಕು. ಇದ್ದರೆ ಹಸಿರು, ಇಲ್ಲದಿದ್ದರೆ ಬೂದು.

ಮೊದಲೆಲ್ಲ ಇಂಥ ಚಿತ್ರಗಳು ದೊಡ್ಡ ಕಂಪನಿಗಳ ಕೈಯಲ್ಲೇ ಇರುತ್ತಿದ್ದವು. ತಮ್ಮ ಊರು ಮೇಲಿನಿಂದ ಹೇಗಿದೆ ಎಂದು ನೋಡಲು ಊರಿನವರೇ ದುಡ್ಡು ತೆರಬೇಕಿತ್ತು, ನೋಡಿ ಎಂಥ ನ್ಯಾಯ! ಟಯರ್ ಅಂಗಡಿಯ ಮೇಲಿನ ಎರಡು ಕೋಣೆಗಳ ಈ ಪುಟ್ಟ ಆಫೀಸು ಅದನ್ನೆಲ್ಲ ಪುಕ್ಕಟೆಯಾಗಿ ಜನರ ಫೋನಿಗೆ ಇಳಿಸಿತ್ತು. ಲಸಿಕೆ ಹಾಕುವ ನರ್ಸಿಗೂ ಅದೇ ನಕ್ಷೆ, ಬೆಂಕಿ ಆರಿಸುವವರಿಗೂ ಅದೇ, ನೀರಿನ ಟ್ಯಾಂಕರಿನವರಿಗೂ ಅದೇ. ಓದು ಬಾರದವರಿಗೂ ತಿಳಿಯಲಿ ಎಂದು ಬಣ್ಣ ಹಚ್ಚುವ ಉಪಾಯ ಹದ್ದಮ್ಮನದೇ.

ಈ ಬೇಸಿಗೆಯಲ್ಲಿ ನಲ್ಲಿ ನೀರು ನಿಂತುಹೋಗಿ ನಗರಸಭೆ ಟ್ಯಾಂಕರ್ ಬಿಟ್ಟಿತು. ಮೊದಲ ಸಲ ಅದು ಬರುವ ದಿನ ಅವಳು ರಜೆ ಹಾಕಿ, ಮನೆಯ ಪಕ್ಕದ ಗಲ್ಲಿಯ ಬಾಯಲ್ಲಿ ಡ್ರಮ್ ಇಟ್ಟು ಕಾದಳು. ಟ್ಯಾಂಕರ್ ಬೀದಿಯ ಮೊದಲ ಮನೆಗಳಿಗೆಲ್ಲ ನಿಂತು, ಅವಳ ಮನೆ ಬಂದಾಗ ಮಾತ್ರ ಮುಂದಕ್ಕೆ ಹೊರಟುಬಿಟ್ಟಿತು. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿ ತಿರುವಿನಲ್ಲಿ ಹಿಡಿದಳು.

"ಏನಪ್ಪಾ, ನಮ್ಮನೆ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತಮ್ಮಾ. ಆದ್ರೆ ಫೋನಲ್ಲಿ ಬೂದು ಇದೆ ನೋಡಿ," ಡ್ರೈವರು ತೋರಿಸಿದ. "ಬೂದು ಇದ್ರೆ ನಿಲ್ಸೋ ಹಾಗಿಲ್ಲ. ಬೀಗ ಹಾಕಿರೋ ಮನೆ ಮುಂದೆ ಡ್ರಮ್ ಇಟ್ಟು ಇನ್ನೊಂದು ಸಲ ಹಿಡ್ಕೊಳ್ತಾರೆ ಜನ. ಆಮೇಲೆ ಬೈಸ್ಕೊಳ್ಳೋನು ನಾನು."

"ಅಯ್ಯೋ, ನಾನು ಇರೋದೇ ಅಲ್ಲಿ ಕಣಪ್ಪಾ!"

"ಎಲ್ರೂ ಹಾಗೇ ಹೇಳ್ತಾರಮ್ಮಾ."

ಯಾವ ಕತ್ತೆ ತನ್ನ ಮನೆಗೆ ಬೂದು ಬಳಿದದ್ದು ಎಂದು ನೋಡಿಯೇ ಬಿಡೋಣ ಅಂತ ಅವಳು ನೇರ ಆಫೀಸಿಗೆ ಹೋದಳು. ನಕ್ಷೆಯಲ್ಲಿ ಪ್ರತಿ ಮನೆಗೂ ಬಣ್ಣ ಹಚ್ಚಿದವರ ಹೆಸರು ಇರುತ್ತದೆ. ತನ್ನ ಮನೆಯ ಮೇಲೆ ಬೆರಳೊತ್ತಿದಳು. ಅಲ್ಲಿ ಅವಳ ಹೆಸರೇ ಇತ್ತು.

ನಗಬೇಡಿ. ತಮ್ಮ ಮನೆಯನ್ನು ಆಕಾಶದಿಂದ ಯಾರು ತಾನೆ ನೋಡಿರುತ್ತಾರೆ? ಚಿತ್ರಗಳು ತುಂಡು ತುಂಡಾಗಿ ಬರುತ್ತವೆ, ಬೀದಿಯ ಹೆಸರೂ ಇರುವುದಿಲ್ಲ. ಆದರೆ ಈ ತುಂಡು ಅವಳಿಗೆ ಈಗ ಚೆನ್ನಾಗಿ ನೆನಪಾಯಿತು. ಬರಿದಾದ ತಾರಸಿ, ಮುಂದಿನ ಮೆಟ್ಟಿಲ ಮೇಲೆ ತರಗೆಲೆಯ ರಾಶಿ, ಗೇಟಿನ ತನಕ ಬೆಳೆದ ಹುಲ್ಲು. ಅವತ್ತು ಒಂದು ಗಳಿಗೆ ಕೈ ತಡೆದು, "ಪಾಪ, ಯಾರೋ ಬಿಟ್ಟು ಹೋಗಿದಾರೆ" ಎಂದುಕೊಂಡು ಬೂದು ಒತ್ತಿ ಚಹಾ ಕುಡಿಯಲು ಎದ್ದಿದ್ದಳು.

ಅಮ್ಮನನ್ನು ಕೊನೆಯ ಸಲ ಮುಂಬಾಗಿಲಿನಿಂದ ಕಳಿಸಿಕೊಟ್ಟ ಮೇಲೆ ಆ ಬಾಗಿಲು ತೆಗೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಗಲ್ಲಿಗೆ, ಗಲ್ಲಿಯ ಹಿಂದಿನ ತುದಿಯಿಂದ ಬಸ್ಸಿಗೆ. ಒಬ್ಬಳ ಬಟ್ಟೆಗೆ ತಾರಸಿ ಯಾಕೆ ಎಂದು ಅಮ್ಮನ ಕೋಣೆಯಲ್ಲೇ ಹಗ್ಗ ಕಟ್ಟಿದ್ದಳು. ಕಂಪ್ಯೂಟರಿನ ಮುಂದೆ ಕೂತು ಅವಳಿಗೆ ನಾಚಿಕೆಯಾಯಿತು. ಆದರೆ ಅವತ್ತು ಅವಳ ಕೈ ತಪ್ಪಿರಲಿಲ್ಲ. ಯಾವ ಹದ್ದು ನೋಡಿದರೂ ಆ ಮನೆಗೆ ಬೂದು ಎಂದೇ ಹೇಳುತ್ತಿತ್ತು.

ಒಂದು ಗುಂಡಿ ಒತ್ತಿ ಹಸಿರು ಮಾಡಬಹುದಿತ್ತು. ಆದರೆ ತಮ್ಮ ಮನೆಯ ಬಣ್ಣವನ್ನು ತಾವೇ ಬದಲಿಸಬಾರದು, ಬಾಗಿಲಿಗೆ ಎದುರಿರುವ ಮನೆಯವರು ಹೌದೆನ್ನಬೇಕು ಎಂಬ ನಿಯಮವಿತ್ತು. ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡು ಆ ನಿಯಮ ಮಾಡಿಸಿದವಳೂ ಅವಳೇ.

ಮರುದಿನ ಮನೆಮನೆಗೆ ಹೋಗಿ ವಿಚಾರಿಸುವ ಆಫೀಸಿನ ಸರ್ವೆಯವನನ್ನು ಕರೆದುಕೊಂಡು ಎದುರುಮನೆಗೆ ಹೋದಳು. ಅಲ್ಲಿ ಟೈಲರಮ್ಮ ಕಿಟಕಿಯ ಪಕ್ಕ ಹೊಲಿಗೆ ಮಷಿನ್ ಇಟ್ಟುಕೊಂಡು ಕೂತಿರುತ್ತಾಳೆ. ಬೀದಿಯಲ್ಲಿ ಬೆಕ್ಕು ದಾಟಿದರೂ ಆಕೆಗೆ ಗೊತ್ತು.

"ಆ ಮನೇನಾ? ಖಾಲಿ," ಎಂದಳು ಟೈಲರಮ್ಮ. "ನಾವು ಬಂದಾಗ್ಲಿಂದ ಬಾಗ್ಲು ತೆಗ್ದಿದ್ದು ನೋಡಿಲ್ಲಪ್ಪ. ಈ ಮೇಡಮ್ಮೂ ನಿಮ್ಮ ಆಫೀಸಿನೋರಾ?"

"ಅಲ್ಲಿರೋದು ನಾನೇ ಕಣ್ರೀ," ಎಂದಳು ಹದ್ದಮ್ಮ. ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

ಟೈಲರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇರಬಹುದಮ್ಮಾ, ಇಲ್ಲ ಅನ್ನಲ್ಲ. ಆದ್ರೆ ನೋಡ್ದೆ ಇರೋದನ್ನ ನೋಡ್ದೆ ಅಂತ ಹೆಂಗೆ ಹೇಳ್ಲಿ? ಒಂದಷ್ಟು ದಿನ ಕಾಣಿಸ್ಕೊಳ್ಳಿ, ಆಮೇಲೆ ಹೇಳ್ತೀನಿ."

ಸರ್ವೆಯವನು ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಅವತ್ತು ಸಂಜೆ ಅವಳು ಮುಂಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟು, ಕುಟ್ಟಿ, ಎಳೆದು ತೆಗೆದಳು. ಅಮ್ಮ ಹೋದ ದಾರಿಯಲ್ಲೇ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಸಾಕಾಗುವಷ್ಟು ಅತ್ತಳು. ಆಮೇಲೆ ಪೊರಕೆ ತಂದು ತರಗೆಲೆ ಗುಡಿಸಿದಳು. ತಾರಸಿಗೆ ಹಗ್ಗ ಕಟ್ಟಿದಳು. ತನ್ನ ಬಟ್ಟೆಗಳು ಹಗ್ಗದ ಒಂದು ಮೂಲೆಗೂ ಸಾಲದೆ, ಅಮ್ಮನ ಹೊದಿಕೆಗಳನ್ನೂ ಒಗೆದು ಹರವಿದಳು. ದಿನಾ ಕೆಲಸದಿಂದ ಬಂದ ಮೇಲೆ ಮೆಟ್ಟಿಲ ಮೇಲೆ ಕೂರುವುದು ರೂಢಿಯಾಯಿತು. ಟೈಲರಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಕಾಣಿಸಿಕೊಳ್ಳಲೆಂದೇ ಕೂರುವುದು ಮುಜುಗರದ ಕೆಲಸ. ಕೈಯನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಮತ್ತೆ ಟ್ಯಾಂಕರ್ ಬಂತು. ನಕ್ಷೆಯಲ್ಲಿ ಮನೆ ಇನ್ನೂ ಬೂದು. ಡ್ರಮ್ ಮೆಟ್ಟಿಲ ಪಕ್ಕದಲ್ಲಿತ್ತು, ಅವಳು ಕೂಗಲಿಲ್ಲ. ಕೂಗಿ ಏನೆಂದು ಹೇಳುವುದು? ಡ್ರೈವರು ಫೋನ್ ನೋಡಿಕೊಂಡು, ನಿಲ್ಲಿಸದೆ ಗೇಟು ದಾಟಿ ಮುಂದೆ ಹೋದ.

ಹೊಲಿಗೆ ಮಷಿನ್ನಿನ ಸದ್ದು ನಿಂತಿತು. ಟೈಲರಮ್ಮ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬೀದಿಗೆ ಬಂದಳು.

"ಏಯ್, ನಿಲ್ಸಪ್ಪಾ! ಫೋನ್ ನೋಡ್ಕೊಂಡು ಎಲ್ಲಿಗೆ ಓಡ್ತಿದೀಯಾ? ಆ ಮನೇಲಿ ಜನ ಇದಾರೆ!"

ಅದು ತನ್ನ ಬಗ್ಗೆಯೇ ಎಂದು ತಕ್ಷಣ ಹೊಳೆಯದೆ ಹದ್ದಮ್ಮ ಹಿಂದಕ್ಕೆ ತಿರುಗಿ, ತೆರೆದ ಬಾಗಿಲೊಳಗೆ ಯಾರಿದ್ದಾರೆ ಎಂದು ನೋಡಿದಳು.