ಡ್ರೈವರ್ ಪಕ್ಕದ ಸೀಟಿನಿಂದ ಕಂಡ ಹೆದ್ದಾರಿ

ಹೆದ್ದಾರಿಯ ಅಂಚಿಗೇ ಅಂಟಿಕೊಂಡಿದ್ದ ಆ ಕ್ಷೌರದಂಗಡಿಯಲ್ಲಿ ಅವತ್ತು ಕತ್ತರಿಗಿಂತ ಬಾಯಿಯೇ ಜೋರಾಗಿ ಓಡುತ್ತಿತ್ತು.

ಅಂಗಡಿಯವನನ್ನು ಊರೆಲ್ಲ ಮೈಕಣ್ಣ ಎಂದೇ ಕರೆಯುತ್ತಿತ್ತು. ಲಾರಿ ಹೋದಾಗಲೆಲ್ಲ ಗೋಡೆಯ ಕನ್ನಡಿ ಗಡಗಡ ನಡುಗುತ್ತಿತ್ತು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ಗಂಟಲೇ ಮೈಕಿನಂತಾಗಿತ್ತು.

"ನಾಳೆ ಸಭೆಗೆ ಎಲ್ರೂ ಬನ್ನಿ! ಆ ಸಂದು ಮುಚ್ಚಿದ್ರೆ ಆಚೆ ಬದಿಯ ಗಿರಾಕಿ ಬರಲ್ಲ, ನನ್ನ ಅಂಗಡಿ ಬಾಗಿಲು ಮುಚ್ಚಿದ ಹಾಗೇ. ಬಿಡ್ತೀನಾ ನಾನು?"

ಅಂಗಡಿಯ ಎದುರಿಗೆ, ರಸ್ತೆಯ ನಡುವಿನ ಡಿವೈಡರಿನಲ್ಲಿ ಒಂದು ಸಂದಿತ್ತು. ಯಾರೋ ಯಾವಾಗಲೋ ಕಲ್ಲು ಕಿತ್ತು ಮಾಡಿದ್ದು. ಆಚೆ ಬದಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆ, ಈಚೆ ಬದಿಯಲ್ಲಿ ಮನೆಗಳು, ಅಂಗಡಿಗಳು. ಬೆಳಗಾದರೆ ಊರಿಗೆ ಊರೇ ಆ ಸಂದಿನಲ್ಲಿ ತೂರಿಕೊಂಡು ಕೆಲಸಕ್ಕೆ ಓಡುತ್ತಿತ್ತು. ಹೋದ ವಾರ ಅಲ್ಲೇ ಒಂದು ಕಾರು ಟೈಲರಜ್ಜನಿಗೆ ಗುದ್ದಿತ್ತು. ಅಜ್ಜನ ಸೊಂಟ ಮುರಿದಿತ್ತು. ಅದಕ್ಕೇ ಹೆದ್ದಾರಿಯವರು ಸಂದು ಮುಚ್ಚುವ ವಿಚಾರಕ್ಕೆ ಸಭೆ ಕರೆದಿದ್ದರು. ಊರು ಎರಡು ಪಾಲಾಗಿತ್ತು.

ಕುರ್ಚಿಯಲ್ಲಿದ್ದ ಗಿರಾಕಿ ಮುಖದ ತುಂಬ ನೊರೆ ಹೊತ್ತುಕೊಂಡೇ ಕೇಳಿದ, "ಮತ್ತೆ ಟೈಲರಜ್ಜನ ಗತಿ?"

"ಅಜ್ಜ ನೋಡಿಕೊಂಡು ದಾಟಬೇಕಿತ್ತಪ್ಪ. ಕಣ್ಣು ಬಿಟ್ಟುಕೊಂಡು ದಾಟಿದ್ರೆ ಯಾರಿಗೂ ಏನೂ ಆಗಲ್ಲ."

"ಅಣ್ಣ, ನೀನು ನೋಡಿದ್ರೆ ಸಾಕಾ?" ಬಾಗಿಲಲ್ಲಿ ನಿಂತಿದ್ದ ತಂಗಿ ಕೇಳಿದಳು. ಅವಳು ಬಸ್ ಡ್ರೈವರ್. ಇದೇ ಹೆದ್ದಾರಿಯಲ್ಲಿ ದಿನವೂ ಪಟ್ಟಣಕ್ಕೆ ಜನರನ್ನು ಕರೆದೊಯ್ದು ತರುವವಳು. "ನಿನಗೆ ಬಸ್ಸು ಕಾಣುತ್ತೆ, ಸರಿ. ಬಸ್ಸಿನವಳಿಗೆ ನೀನು ಕಾಣ್ತೀಯಾ?"

"ಆರಡಿ ಆಳು ನಾನು, ಕಾಣದೇ ಏನು!"

"ಹಾಗಾದ್ರೆ ನಾಳೆ ಬೆಳಿಗ್ಗೆ ನನ್ನ ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂತ್ಕೊ. ಸಭೆಯಲ್ಲಿ ಏನು ಬೇಕಾದ್ರೂ ಕೂಗು, ಆದ್ರೆ ನೋಡಿ ಬಂದು ಕೂಗು."

ಗಿರಾಕಿಗಳೆಲ್ಲ ನಕ್ಕರು. ಮೈಕಣ್ಣ ಒಪ್ಪಿಕೊಳ್ಳಲೇಬೇಕಾಯಿತು.

ಮರುದಿನ ನಸುಕಿಗೇ ತಂಗಿಯ ಜೊತೆ ಬಸ್ ಡಿಪೋಗೆ ಹೋಗಿ ಅವನು ಠೀವಿಯಿಂದ ಬಸ್ಸು ಹತ್ತಿದ. ಬಸ್ಸು ಕಿಕ್ಕಿರಿದಿತ್ತು. ಅಷ್ಟು ಎತ್ತರದಿಂದ, ಅಷ್ಟಗಲದ ಗಾಜಿನಿಂದ ಅವನು ತನ್ನ ಊರಿನ ರಸ್ತೆಯನ್ನು ಎಂದೂ ನೋಡಿರಲಿಲ್ಲ. ಮೊದಲು ಖುಷಿಯಾಯಿತು. ಊರು ಹತ್ತಿರವಾಗುತ್ತಿದ್ದಂತೆ ಆ ಖುಷಿ ಇಳಿಯತೊಡಗಿತು. ಡಿವೈಡರಿನ ಗಿಡಗಳು ಎದೆಮಟ್ಟ ಬೆಳೆದಿದ್ದವು. ಪಕ್ಕದ ಸಾಲಿನಲ್ಲಿ ಒಂದು ಲಾರಿ ನಿಧಾನ ಮಾಡಿ ಯಾರಿಗೋ ದಾರಿ ಬಿಡುತ್ತಿದ್ದಂತಿತ್ತು. ಲಾರಿಯ ಆಚೆ ಏನಿದೆಯೋ ಒಂದೂ ಕಾಣುತ್ತಿರಲಿಲ್ಲ.

"ಸಂದು ಎಲ್ಲಿ ಹೋಯ್ತೇ?" ಎಂದ.

"ಬಂತು," ಎಂದು ತಂಗಿ ಆಗಲೇ ಬ್ರೇಕಿನ ಮೇಲೆ ಕಾಲಿಟ್ಟಿದ್ದಳು.

ಲಾರಿಯ ಮೂತಿಯ ಮುಂದಿನಿಂದ ಹೆಂಗಸೊಬ್ಬಳು ಸರಕ್ಕನೆ ಬಸ್ಸಿನ ಎದುರಿಗೇ ಬಂದಳು. ಹಸಿರು ಸೀರೆ, ಬಗಲಲ್ಲಿ ಊಟದ ಚೀಲ. ಬಸ್ಸು ಕಿರುಚಿತು. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬಸ್ಸು ನಿಂತಾಗ ಆ ಹೆಂಗಸಿಗೂ ಗಾಜಿಗೂ ಒಂದು ಮಾರು ಅಂತರವಿತ್ತೋ ಇಲ್ಲವೋ. ಅವಳು ಬೆಚ್ಚಿ ತಲೆಯೆತ್ತಿದಳು.

ಮೈಕಣ್ಣನ ಹೆಂಡತಿ.

ಕಾರ್ಖಾನೆಯ ಗಂಟೆ ಹೊಡೆಯುವ ಹೊತ್ತಾಗಿತ್ತು. ಒಳಗೆ ಯಾರು ಕೂತಿದ್ದಾರೆಂದು ನೋಡಲೂ ಪುರುಸೊತ್ತಿಲ್ಲದೆ, ಕೈಯೆತ್ತಿ ಕ್ಷಮಿಸಿ ಎನ್ನುವಂತೆ ಸನ್ನೆ ಮಾಡಿ ಓಡಿಯೇಬಿಟ್ಟಳು. ಕೂಗಬೇಕೆಂದು ಮೈಕಣ್ಣ ಬಾಯಿ ತೆರೆದ. ಸ್ವರವೇ ಹೊರಡಲಿಲ್ಲ.

"ಅತ್ತಿಗೆದು ತಪ್ಪಲ್ಲಣ್ಣ," ತಂಗಿ ಉಸಿರು ಬಿಟ್ಟಳು. "ಲಾರಿಯವನು ದಾರಿ ಬಿಟ್ಟ ಅಂತ ಬಂದ್ರು. ಲಾರಿ ಮರೆಯಲ್ಲಿ ನಾನಿದ್ದೀನಿ ಅಂತ ಅವರಿಗೆ ಗೊತ್ತಾಗಲ್ಲ, ಅವರಿದ್ದಾರೆ ಅಂತ ನನಗೆ ಗೊತ್ತಾಗಲ್ಲ. ಇಲ್ಲಿ ಹೀಗೇ ಅಂತ ಗೊತ್ತಿದ್ದಕ್ಕೆ ನಾನು ಮೊದಲೇ ನಿಧಾನ ಮಾಡಿದ್ದೆ. ಗೊತ್ತಿಲ್ಲದ ಡ್ರೈವರ್ ಬಂದಿದ್ರೆ?"

ಮೈಕಣ್ಣ ಕಾರ್ಖಾನೆಯ ಗೇಟಿನೊಳಗೆ ಮರೆಯಾಗುತ್ತಿದ್ದ ಹಸಿರು ಸೀರೆಯತ್ತ ತಿರುಗಿದ.

ಸಂಜೆ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ತಲೆಗಳು. ಹೆದ್ದಾರಿಯ ಇಂಜಿನಿಯರ್ ಮಾತು ಶುರು ಮಾಡುವ ಮೊದಲೇ ಹಿಂದಿನಿಂದ ಕೂಗೆದ್ದಿತು. "ಮೈಕಣ್ಣ ಮಾತಾಡ್ಲಿ! ಮೈಕಣ್ಣ!"

ಮೈಕಣ್ಣ ಎದ್ದು ನಿಂತ. "ಸಂದು ಮುಚ್ಚಬೇಕು," ಎಂದ.

ಕೂತಿದ್ದವರೆಲ್ಲ ಒಮ್ಮೆಲೇ ಎದ್ದರು. ಆಮೇಲೆ ಗದ್ದಲವೋ ಗದ್ದಲ.

"ಏನಣ್ಣ, ನಿನ್ನೆ ಒಂದು ಮಾತು, ಇವತ್ತು ಒಂದು ಮಾತು?"

"ನಿನ್ನೆ ನಾನು ಅಂಗಡಿ ಬಾಗಿಲಿಂದ ನೋಡಿದ್ದೆ ಕಣಯ್ಯಾ. ಇವತ್ತು ಬಸ್ಸಿನ ಗಾಜಿನಿಂದ ನೋಡ್ದೆ. ಎದುರಿಗೆ ಬಂದೋಳು ನನ್ನ ಹೆಂಡ್ತಿ."

ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದ ಹೆಂಡತಿ ತಟ್ಟನೆ ತಿರುಗಿದಳು. "ಅಯ್ಯೋ, ಆ ಬಸ್ಸಲ್ಲಿ ನೀವಿದ್ರಾ!"

ಇಂಜಿನಿಯರ್ ಮುಖ ಅರಳಿತು. "ಒಳ್ಳೇದಾಯ್ತು. ಸಂದು ಮುಚ್ಚಿ ಮೆಟ್ಟಿಲಿನ ಮೇಲುಸೇತುವೆ ಕಟ್ಟೋಣ."

ಈಗ ಹೆಂಡತಿಯೇ ಎದ್ದಳು. "ಬೇಡ ಸಾರ್. ದಿನವಿಡೀ ನಿಂತು ಕೆಲಸ ಮಾಡೋ ಕಾಲು ನಮ್ಮದು. ಸಂಜೆ ಅಷ್ಟು ಮೆಟ್ಟಿಲು ಯಾರು ಹತ್ತುತಾರೆ? ಗರ್ಭಿಣಿಯರಿದ್ದಾರೆ, ಕೋಲು ಹಿಡಿದೋರಿದ್ದಾರೆ. ಸೇತುವೆ ಮೇಲೇ ಇರುತ್ತೆ, ಜನ ಕೆಳಗೇ ಡಿವೈಡರ್ ಹಾರ್ತಾರೆ. ನಮಗೆ ನೆಲದ ಮೇಲೇ ದಾಟೋ ಜಾಗ ಕೊಡಿ. ಸಿಗ್ನಲ್ ಕೊಡಿ, ದೀಪ ಕೊಡಿ."

ಕಾರಿನಲ್ಲಿ ಪಟ್ಟಣಕ್ಕೆ ಹೋಗುವವರೊಬ್ಬರು ಸಿಡುಕಿದರು. "ಸಿಗ್ನಲ್ ಹಾಕಿದ್ರೆ ನಮಗೆ ಆಫೀಸಿಗೆ ತಡ ಆಗಲ್ವಾ?"

"ನಾನೂ ಟೈಮಿಗೆ ಸರಿಯಾಗಿ ಬಸ್ ತಲುಪಿಸಬೇಕಾದೋಳೇ ಸಾರ್," ಡ್ರೈವರ್ ತಂಗಿ ಹೇಳಿದಳು. "ಸಿಗ್ನಲ್ಲಲ್ಲಿ ನಿಲ್ಲೋದು ಸ್ವಲ್ಪ ಹೊತ್ತು. ಟೈಲರಜ್ಜ ಬಿದ್ದ ದಿನ ಎಷ್ಟು ಹೊತ್ತು ನಿಂತಿದ್ವಿ, ನೆನಪಿದೆಯಾ?"

ಆ ದಿನ ಅವರ ಕಾರೂ ಆ ಸಾಲಿನಲ್ಲೇ ನಿಂತಿತ್ತು.

ವಾದ, ಮರುವಾದ, ನಡುವೆ ನಗು, ಮತ್ತೆ ಜಗಳ. ಕೊನೆಗೆ ಇಂಜಿನಿಯರ್ ಕೈಯೆತ್ತಿ, "ಆಯ್ತು, ಕೆಲವು ವಾರ ತಾತ್ಕಾಲಿಕ ಸಿಗ್ನಲ್ ಹಾಕಿ ನೋಡೋಣ. ಆದ್ರೆ ನೀವೂ ಅಲ್ಲೇ ದಾಟಬೇಕು. ಒಪ್ಪಿಗೆಯಾ?" ಎಂದರು. ಭವನದ ತುಂಬ ಕೈಗಳು ಎದ್ದವು.

ಕೆಲಸ ಶುರುವಾಯಿತು. ಸಂದಿಗೆ ಬೇಲಿ ಬಿತ್ತು. ಎದೆಮಟ್ಟದ ಗಿಡಗಳು ಮೊಣಕಾಲಿಗಿಳಿದವು. ಸ್ವಲ್ಪ ಮುಂದೆ ಬಿಳಿ ಪಟ್ಟೆ ಬಳಿದರು. ಅದಕ್ಕೂ ಹಿಂದೆ ಗಾಡಿಗಳು ನಿಧಾನವಾಗಲೆಂದು ರಸ್ತೆಯ ಮೇಲೆ ಸಣ್ಣ ಉಬ್ಬುಗಳನ್ನು ಹಾಕಿದರು. ಬಸ್ ನಿಲ್ದಾಣವೂ ಪಟ್ಟೆಯ ಹತ್ತಿರಕ್ಕೆ ಬಂತು.

ಸಿಗ್ನಲ್ ಹೊತ್ತಿದ ಮೊದಲ ಬೆಳಿಗ್ಗೆ ರಸ್ತೆಯ ಎರಡೂ ಬದಿ ಜನವೋ ಜನ. ಕೆಲಸವಿಲ್ಲದವರೂ ದಾಟಿ ನೋಡಲು ಬಂದಿದ್ದರು! ಮೈಕಣ್ಣ ಅರ್ಧ ಕ್ಷೌರವಾಗಿದ್ದ ಗಿರಾಕಿಯನ್ನೂ ಕರೆದುಕೊಂಡು ಬಂದಿದ್ದ. ಸಿಗ್ನಲ್ ಕಂಬದ ಗುಂಡಿ ಒತ್ತಿದರು. ಕಾದರು. ದೀಪ ಕೆಂಪಾಯಿತು. ಒಂದು ಲಾರಿ ನಿಂತಿತು. ಪಕ್ಕದಲ್ಲಿ ಕಾರು, ಅದರ ಹಿಂದೆ ಬಸ್ಸು. ಅಷ್ಟು ದೊಡ್ಡ ಹೆದ್ದಾರಿ ಉಸಿರು ಬಿಗಿಹಿಡಿದಂತೆ ನಿಂತುಬಿಟ್ಟಿತು.

"ನಡೀರಿ, ನಡೀರಿ!" ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಹೆಂಡತಿ ಎರಡೂ ಕಡೆ ನೋಡಿದಳು. ಗಾಡಿಗಳು ನಿಂತದ್ದನ್ನು ಖಚಿತ ಮಾಡಿಕೊಂಡು ಹೆಜ್ಜೆಯಿಟ್ಟಳು. ಓಡಲಿಲ್ಲ. ನಡೆದಳು. ಆಚೆ ದಡ ಮುಟ್ಟಿದವಳು ತಿರುಗಿ ಗಂಡನತ್ತ ಕೈಬೀಸಿದಳು. ಮೈಕಣ್ಣ ಎರಡೂ ಕೈ ಬೀಸಿದ. ಆಮೇಲೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಅವನ ಒಂದಿಬ್ಬರು ಗಿರಾಕಿಗಳು ಬೇರೆ ಅಂಗಡಿ ಹಿಡಿದದ್ದು ನಿಜ. ಬಸ್ಸಿಗೆ ಕಾಯುವ ಹೊಸಬರು ಬರತೊಡಗಿದ್ದೂ ನಿಜ. "ಅಂಗಡಿ ಹೇಗೋ ನಡೆಯುತ್ತೆ. ಸಂಜೆ ಮನೆಗೆ ಎಲ್ರೂ ಬಂದ್ರೆ ಸಾಕು," ಎನ್ನುತ್ತಾನೆ ಅವನು.

ಅಕ್ಕ, ಅಣ್ಣ, ಈ ಕಥೆ ಓದುತ್ತಿರುವ ನಿಮ್ಮ ಊರಲ್ಲೂ ಇಂಥದ್ದೊಂದು ಸಂದು ಇರಬಹುದು. ಯಾರಾದರೂ ಬೀಳುವವರೆಗೆ ಕಾಯಬೇಡಿ. ದಾಟುವ ಜಾಗ, ಸಿಗ್ನಲ್, ದೀಪ ಬೇಕೆಂದು ನಾಲ್ಕು ಜನ ಸೇರಿ ಕೇಳಿ. ಸಭೆ ಕರೆದರೆ ಹೋಗಿ, ಜಗಳವಾದರೂ ಸರಿ, ಮಾತಾಡಿ. ಗಾಡಿ ಓಡಿಸುವವರೇ, ಮುಂದಿನ ಗಾಡಿ ನಿಂತರೆ ನೀವೂ ನಿಲ್ಲಿ. ಅದರ ಮರೆಯಲ್ಲಿ ಒಬ್ಬರು ದಾಟುತ್ತಿರಬಹುದು. ದಾಟುವವರೇ, ಗಾಡಿ ನಿಮಗೆ ಕಂಡಿತೆಂದರೆ ನೀವು ಗಾಡಿಯವರಿಗೆ ಕಂಡಿರಿ ಎಂದಲ್ಲ. ಪಟ್ಟೆಯ ಮೇಲೇ ದಾಟಿ. ಎಲ್ಲ ಸಾಲುಗಳೂ ನಿಂತ ಮೇಲೆ ದಾಟಿ. ಫೋನು ಚೀಲದೊಳಗಿರಲಿ.

ನಾಳೆ ಬೆಳಿಗ್ಗೆ ರಸ್ತೆಯಂಚಿಗೆ ಬಂದಾಗ ಒಂದು ಗಳಿಗೆ ನಿಂತು ನೋಡಿ. ಆ ಒಂದು ಗಳಿಗೆ ನಿಮ್ಮದು. ಉಳಿದ ಆಯುಸ್ಸು ನಿಮ್ಮ ಮನೆಯವರದ್ದೂ ಹೌದು.