ಮೇಲ್ಮನೆಗೆ ಬಂದವರು

ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಕೆಳಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಅಲ್ಲಿನ ಕಪಾಟಿನಲ್ಲಿ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿರುತ್ತಿದ್ದವು. "ಊರಿಗೂರೇ ನಮ್ಮನ್ನ ನೋಡಿ ಹಲ್ಲು ಕಿರಿಯುತ್ತೆ ನೋಡಿ" ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಗಂಡ ರೈಲು ಓಡಿಸುವವನು, ಮನೆಗಿಂತ ಹೊರಗಿದ್ದದ್ದೇ ಹೆಚ್ಚು.

ಮೇಲ್ಮನೆ ಮೈದುನನ ಪಾಲಿನದು. ಅವನು ಬೇರೆ ಕಡೆ ಇದ್ದುಕೊಂಡು, ಫೋನಿನ ಆ್ಯಪಿನ ಮೂಲಕ ಅದನ್ನು ದಿನದ ಬಾಡಿಗೆಗೆ ಕೊಡಲು ಶುರುಮಾಡಿದ್ದ. ಹೊರಮೆಟ್ಟಿಲ ತುದಿಯಲ್ಲಿ, ಬಾಗಿಲ ಪಕ್ಕಕ್ಕೊಂದು ಡಬ್ಬಿ. ನಂಬರು ಒತ್ತಿದರೆ ಒಳಗೆ ಎರಡು ಬೀಗದ ಕೈ, ಒಂದು ಬಂದವರಿಗೆ, ಇನ್ನೊಂದು ಹೆಚ್ಚಿನದು. ಬಂದವರು ಯಾರು, ಹೋದವರು ಯಾರು ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ತಲೆಯ ಮೇಲೆ ಗುರುತಿಲ್ಲದವರ ಹೆಜ್ಜೆ ಸದ್ದು ಕೇಳಿ ಕೇಳಿ ಅವಳಿಗೆ ಎದೆಯಲ್ಲಿ ಸದಾ ಒಂದು ಅಳುಕು. ಬೀದಿಯವರಿಗೂ ಸಾಕಾಗಿತ್ತು. ಇಂಥ ಬಾಡಿಗೆ ಬೀದಿಯಲ್ಲಿ ಇರಬೇಕೋ ಬೇಡವೋ ಎಂದು ಭಾನುವಾರ ಸಭೆ ಕರೆದಿದ್ದರು. ಬೇಡವೆಂದೇ ಹೇಳುವುದು ಎಂದು ಅವಳು ಗಟ್ಟಿಮಾಡಿಕೊಂಡಿದ್ದಳು.

ಆ ವಾರ ಬಂದವರು ಒಬ್ಬ ಹೆಂಗಸು ಮತ್ತು ಅವಳ ಪುಟ್ಟ ಮಗಳು. ಊರು ನೋಡಲು ಬಂದವರಂತೆ ಕಾಣಲಿಲ್ಲ. ಹೊರಗೇ ಹೋಗುತ್ತಿರಲಿಲ್ಲ, ಪರದೆ ಸರಿಸುತ್ತಿರಲಿಲ್ಲ. ಕತ್ತಲಾದರೆ ಭಾರದ್ದೇನನ್ನೋ ಬಾಗಿಲ ಕಡೆಗೆ ಎಳೆಯುವ ಸದ್ದು. ಅವಳು ಮೈದುನನಿಗೆ ಫೋನು ಮಾಡಿದಳು.

"ಸುಸ್ತಾಗಿರ್ಬೇಕು ಬಿಡಿ ಅತ್ತಿಗೆ. ಗಲಾಟೆ ಮಾಡಿದ್ರೂ ಬೈತೀರಿ, ಸುಮ್ನಿದ್ರೂ ಬೈತೀರಿ" ಎಂದ ಅವನು.

ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡಸೊಬ್ಬ ಗೊಂಬೆಯ ಪೆಟ್ಟಿಗೆ ಹಿಡಿದು ನಿಂತಿದ್ದ.

"ಮೇಲ್ಗಡೆ ನನ್ನ ಹೆಂಡ್ತಿ, ಮಗಳು ಇದಾರೆ. ಹೇಳ್ದೆ ಬಂದೆ, ಖುಷಿ ಪಡ್ಲಿ ಅಂತ. ಆ ಡಬ್ಬಿ ನಂಬರ್ ಸ್ವಲ್ಪ ಹೇಳ್ತೀರಾ?"

ಅಷ್ಟು ಹೊತ್ತೂ ಮೇಲೆ ಮಗು ಓಡಾಡುತ್ತಿತ್ತು. ಈ ದನಿ ಕೇಳಿದ್ದೇ ಆ ಸದ್ದು ಕತ್ತರಿಸಿದಂತೆ ನಿಂತುಹೋಯಿತು. ಅಪ್ಪನ ದನಿಗೆ ಮಗು ಕುಣಿಯಬೇಕಿತ್ತಲ್ಲ ಎಂದುಕೊಂಡಳು.

"ಅವ್ರು ಬೆಳಿಗ್ಗೇನೇ ಖಾಲಿ ಮಾಡಿದ್ರು" ಎಂದಳು.

ಒಳಗಿನಿಂದ ಅತ್ತೆ ಕೂಗಿದರು. "ಯಾರು ಖಾಲಿ ಮಾಡಿದ್ದು? ಮಗು ಈಗಿನ್ನೂ ಕುಣೀತಿತ್ತಲ್ಲೇ."

ಅವನು ನಕ್ಕ. ಗೊಂಬೆಯನ್ನು ಜಗಲಿಯ ಮೇಲಿಟ್ಟು, ಅವಸರವಿಲ್ಲದೆ ಮೆಟ್ಟಿಲು ಹತ್ತತೊಡಗಿದ.

ಅವಳು ಬಾಗಿಲು ಹಾಕಿ ಅಗುಳಿ ಎಳೆದಳು. ಪೊಲೀಸರಿಗೆ ಫೋನು ಮಾಡುವಾಗ ಮನೆಯ ವಿಳಾಸವನ್ನೇ ತಪ್ಪು ಹೇಳಿ ತಿದ್ದಿದಳು. ಆಮೇಲೆ ಹಿಂದಿನ ಕೋಣೆಗೆ ಓಡಿದಳು. ಮನೆ ಪಾಲಾಗುವ ಮುಂಚೆ ಒಳಗಿನಿಂದಲೇ ಮೇಲೆ ಹೋಗಲು ಮೆಟ್ಟಿಲಿತ್ತು. ಈಗ ಅದರ ಕೆಳಗಿನ ಬಾಗಿಲಿಗೆ ಈ ಕಡೆಯಿಂದ ಚಿಲಕ ಹಾಕಿ, ದವಡೆಗಳ ಕಪಾಟು ಅಡ್ಡ ಇಟ್ಟಿದ್ದರು. ಅವಳು ಕಪಾಟಿಗೆ ಹೆಗಲು ಕೊಟ್ಟು ನೂಕಿದಳು. ಊರವರ ಹಲ್ಲೆಲ್ಲ ನೆಲಕ್ಕೆ ಬಿದ್ದು ಚೂರಾದವು. ಚಿಲಕ ತೆಗೆದಳು.

ಕತ್ತಲ ಮೆಟ್ಟಿಲ ಮೇಲೆ ಆ ಹೆಂಗಸು ನಿಂತಿದ್ದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತರಕಾರಿ ಚಾಕು. ಚಾಕುವಿನ ಮೊನೆ ಇವಳ ಕಡೆಗೇ ಇತ್ತು.

"ನಾನು ಕೆಳಗಿನ್ಮನೆಯವಳು" ಎಂದಳು ಇವಳು. "ಬನ್ನಿ."

ಅವರು ಒಳಬಂದು ಚಿಲಕ ಬೀಳುವುದಕ್ಕೂ ಮೇಲಿನ ಬಾಗಿಲು ತೆರೆದುಕೊಳ್ಳುವುದಕ್ಕೂ ಸರಿಹೋಯಿತು. ಮೈದುನ ಇಟ್ಟ ನಂಬರು ಒಂದು ಎರಡು ಮೂರು ನಾಲ್ಕು. ಅದನ್ನು ಊಹಿಸಲು ಯಾವ ಜಾಣತನವೂ ಬೇಕಿರಲಿಲ್ಲ. ಬಾಗಿಲಿಗೆ ಅಡ್ಡ ಇಟ್ಟದ್ದನ್ನು ದಬ್ಬುವ ಸದ್ದು ಕೇಳಿಸಿತು. ಬೂಟಿನ ಹೆಜ್ಜೆ ಕೋಣೆಯಿಂದ ಕೋಣೆಗೆ ಹೋಯಿತು, ನಿಂತಿತು, ಒಳಮೆಟ್ಟಿಲು ಇಳಿಯತೊಡಗಿತು. ಅತ್ತೆಗೆ ಆಗ ಎಲ್ಲ ಅರ್ಥವಾಗಿತ್ತು. ಮಗುವನ್ನು ಸೆರಗಿನೊಳಗೆ ಅವುಚಿಕೊಂಡು ಅದರ ಕಿವಿಗಳನ್ನು ಮುಚ್ಚಿದರು.

"ಪುಟ್ಟಿ" ಎಂದಿತು ಬಾಗಿಲ ಆಚೆಯ ದನಿ, ಮುದ್ದಾಗಿ. "ಅಪ್ಪ ಬಂದಿದೀನಿ. ಅಮ್ಮಂಗೆ ಬಾಗಿಲು ತೆಗಿ ಅನ್ನು."

ಬಾಗಿಲು ಒಮ್ಮೆ ಅದುರಿತು. ಚಿಲಕದ ಮೊಳೆ ಮರದಿಂದ ಕೂದಲೆಳೆಯಷ್ಟು ಮೇಲೆದ್ದಿತು. ಅವಳು ಬೆನ್ನು ಕೊಟ್ಟು ಕೂತಳು. ಪಕ್ಕದಲ್ಲಿ ಆ ಹೆಂಗಸೂ ಕೂತಳು. ಒದೆತದ ಪೆಟ್ಟು ಇಬ್ಬರ ಬೆನ್ನಿಗೂ ತಾಗುತ್ತಿತ್ತು. ಪೊಲೀಸರು ಬರುವ ತನಕ ಇಬ್ಬರೂ ಹಾಗೇ ಒತ್ತಿ ಕೂತಿದ್ದರು.

ಅವರೆದುರು ಅವನು ಮತ್ತೆ ಸಭ್ಯನಾದ. "ಮನೆ ಜಗಳ ಸಾರ್" ಎಂದ. ಹೆಂಗಸು ತೋಳು ಮಡಚಿ ಮೈಮೇಲಿನ ಏಟಿನ ಗುರುತು ತೋರಿಸಿದ ಮೇಲೆ ಅವನನ್ನು ಕರೆದೊಯ್ದರು. ಆ ಹೆಂಗಸು ಮನೆಯಲ್ಲಿ ಬಿಟ್ಟುಬಂದಿದ್ದ ಹಳೆಯ ಫೋನಿನಲ್ಲಿ ಆ್ಯಪು ತೆರೆದೇ ಇತ್ತಂತೆ, ವಿಳಾಸ ಅವನಿಗೆ ಅದರಲ್ಲೇ ಸಿಕ್ಕಿತ್ತು. ಸಂಜೆ ಅವಳ ಅಕ್ಕ ಬಂದು ತಾಯಿ ಮಗಳನ್ನು ಕರೆದುಕೊಂಡು ಹೋದಳು.

ಭಾನುವಾರದ ಸಭೆಯಲ್ಲಿ ಬೀದಿಯವರು, "ನಾವು ಬಡ್ಕೊಂಡಿದ್ದು ಇದಕ್ಕೇ ತಾನೆ? ಮುಚ್ಚಿಸಿ" ಎಂದರು. "ನನ್ನ ಮನೆ, ನನ್ನಿಷ್ಟ" ಎಂದ ಮೈದುನ. ಆದರೆ ದನಿಯಲ್ಲಿ ಜೋರಿರಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು.

ಅವಳು ತಡೆದು ತಡೆದು ಹೇಳಿದಳು. "ಬೇಡ ಅನ್ಬೇಕು ಅಂತಾನೇ ಇದ್ದೆ. ಆದ್ರೆ ಆ ಹೆಂಗ್ಸಿಗೆ ಬೇರೆ ಎಲ್ಲೂ ಜಾಗ ಇರ್ಲಿಲ್ಲವಂತೆ. ಅಕ್ಕನ ಮನೆಗೆ ಹೋದ್ರೆ ಅವನು ಮೊದ್ಲು ಅಲ್ಲಿಗೇ ಬರ್ತಿದ್ದ. ಲಾಡ್ಜ್‌ನವ್ರು ಗಂಡ ಎಲ್ಲಿ ಅಂತ ಕೇಳಿದ್ರಂತೆ. ಇಲ್ಲಿ ಯಾರೂ ಕೇಳಲಿಲ್ಲ, ಅದಕ್ಕೇ ಬಂದ್ಳು. ಯಾರೂ ಕೇಳಲ್ಲ ಅಂತಾನೇ ಅವನೂ ಬಂದ. ನಂಗೆ ಎರಡಕ್ಕೂ ಭಯ."

ಅತ್ತೆ ಗಂಟಲು ಸರಿಮಾಡಿಕೊಂಡರು.

"ಬರೋರು ಬರ್ಲಿ. ಆ ಡಬ್ಬಿ ಮಾತ್ರ ಕಿತ್ತುಹಾಕಿ. ಬೀಗದ ಕೈನ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮುಖ ನೋಡಿ ಕೊಡ್ಲಿ."

ಕೆಲವರು ಗೊಣಗಿದರೂ ಕೊನೆಗೆ ಹಾಗೇ ಆಯಿತು. ಮೈದುನ ದೂರದಲ್ಲಿದ್ದುದರಿಂದ ಆ ಹೊಣೆ ಅವಳ ಮೇಲೇ ಬಿತ್ತು. ಬೇಡವೆನ್ನಬಹುದಿತ್ತು, ಅನ್ನಲಿಲ್ಲ.

ಮೊದಲು ಬಂದವನು ಸಂಗೀತದ ವಾದ್ಯದ ಪೆಟ್ಟಿಗೆ ಹೊತ್ತ ಮುದುಕ. ಪೆಟ್ಟಿಗೆಯಲ್ಲಿ ನಿಜಕ್ಕೂ ಏನಿದೆಯೋ ಎಂದು ಅವಳು ಅದನ್ನೇ ದಿಟ್ಟಿಸಿದಳು. ಆದರೂ ಬೀಗದ ಕೈ ಕೊಟ್ಟಳು.

"ಇಲ್ಲಿ ಏನೂ ತೊಂದ್ರೆ ಇಲ್ಲ ತಾನೆ, ತಾಯಿ?" ಎಂದು ಅವನು ಕೇಳಿದ.

ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಬಾಗಿಲು ಹಾಕ್ಕೊಂಡು ಮಲ್ಕೊಳ್ಳಿ" ಎಂದಳು. "ಹೆದರಿಕೆ ಆದ್ರೆ ಕಾಲಿಂದ ನೆಲ ತಟ್ಟಿ. ಕೆಳಗಡೆ ನಾನಿರ್ತೀನಿ."