ಸೋಫಾದ ಮೇಲಿನ ಕಣ್ಣು ಪರೀಕ್ಷೆ

ಭಾನುವಾರ ಬೆಳಗ್ಗೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಫ್ಲ್ಯಾಟಿನಲ್ಲಿ ಮತ್ತೆ ಕಾಫಿ ಲೋಟ ಉರುಳಿತು. ಲೋಟ ರಾಮಚಂದ್ರರ ಎಡಗೈ ಪಕ್ಕದಲ್ಲೇ ಇತ್ತು, ಆದರೂ ಅವರಿಗೆ ಕಾಣಲಿಲ್ಲ.

"ನೋಡೋ ಗುರು, ದಿನಾ ಇದೇ ಗೋಳು," ಎನ್ನುತ್ತ ಶಾರದಾ ಒರೆಸುವ ಬಟ್ಟೆ ತಂದಳು. "ಮೊನ್ನೆ ಸ್ಕೂಟರ್‌ನ ಎಡಗಡೆ ಗೇಟಿಗೆ ಉಜ್ಜಿದ್ರು. ವಾಕಿಂಗ್ ಹೋದ್ರೆ ಪಕ್ಕದಲ್ಲಿ ಬಂದೋರಿಗೆಲ್ಲ ಡಿಕ್ಕಿ. ಕೇಳಿದ್ರೆ ಬ್ಯಾಂಕ್ ಟೆನ್ಷನ್ ಅಂತಾರೆ."

ಗುರುದತ್ತ ಅವಳ ತಮ್ಮ, ಆಪ್ಟೊಮೆಟ್ರಿಸ್ಟ್. ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನು. ತುಮಕೂರಿನವನಾದರೂ ತೆಲುಗಿನ ಹುಡುಗಿಯನ್ನು ಮದುವೆಯಾಗಿ ವಿಶಾಖಪಟ್ಟಣದಲ್ಲೇ ನೆಲೆಸಿ, ಅದೇ ಕಾಲೋನಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಭಾವ ರಾಮಚಂದ್ರ ಬ್ಯಾಂಕ್ ಅಧಿಕಾರಿ. ವರ್ಗವಾಗಿ ಅದೇ ಊರಿಗೆ ಬಂದಾಗ ಅಕ್ಕತಮ್ಮ ಇಬ್ಬರಿಗೂ ಹಬ್ಬವಾಗಿತ್ತು.

ಗುರುದತ್ತನಿಗೆ ಒಂದು ಅಭ್ಯಾಸ. ಮನೆಯವರನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿದವನೇ ಅಲ್ಲ. ಹಬ್ಬದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಸೋಫಾದ ಮೇಲೇ ಎಲ್ಲರ ಕಣ್ಣು ನೋಡಿಬಿಡುತ್ತಿದ್ದ. ಗೋಡೆಯ ತೆಲುಗು ಕ್ಯಾಲೆಂಡರೇ ಅವನ ಚಾರ್ಟು.

"ಭಾವ, ಒಂದು ಕಣ್ಣು ಮುಚ್ಚಿ. ರಾಹುಕಾಲ ಓದಿ."

"ನಂಗೆಲ್ಲಿ ಬರುತ್ತಪ್ಪಾ ನಿಮ್ಮ ತೆಲುಗು?"

"ಅಂಕಿ ಓದಿ ಸಾಕು."

ಭಾವ ಓದಿದರು. ಇನ್ನೊಂದು ಕಣ್ಣಿಂದಲೂ ಓದಿದರು. ಅದರ ಕೆಳಗಿನ ಸಣ್ಣ ಅಂಕಿಗಳನ್ನೂ ಬಿಡಲಿಲ್ಲ.

"ಕಣ್ಣು ಬಂಗಾರ!" ಎಂದ ಗುರುದತ್ತ. "ಅಕ್ಕಾ, ಭಾವಂಗೆ ಬೇಕಾಗಿರೋದು ಕನ್ನಡಕ ಅಲ್ಲ, ರಜೆ."

ಗಂಡಸರಿಬ್ಬರೂ ನಕ್ಕರು. ಶಾರದಾ ಮಾತ್ರ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು.

ಅಷ್ಟರಲ್ಲಿ ಗುರುದತ್ತನ ಫೋನ್ ಹೊಡೆದುಕೊಂಡಿತು. ಶ್ರಾವಣಿ. ಅವನ ಜೊತೆಗೇ ಓದಿದವಳು, ಈಗ ವಿಜಯವಾಡದ ಒಂದು ಕಣ್ಣಾಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮಾತಾಡಿ ಬೆಳೆದವಳು.

"ಏನಂಡಿ ಗುರುದತ್ತ ಗಾರು, ಮುಂದಿನ ಭಾನುವಾರ ನಮ್ಮ ತರಬೇತಿಗೆ ಬರ್ತಾ ಇದೀರಿ ತಾನೇ? ಕಣ್ಣಿನ ರೋಗಗಳು, ಪೇಶೆಂಟ್ ಹತ್ರ ಮಾತಾಡೋದು, ಎರಡೂ ಇದೆ."

"ಭಾನುವಾರವೇ ನನ್ನ ವ್ಯಾಪಾರ ಕಣೇ. ಓದಿ ಮುಗಿಸಿದ್ದನ್ನ ಮತ್ತೆ ಓದೋಕೆ ರೈಲು ಹತ್ತಬೇಕಾ?"

"ನೀನು ಓದಿದ ಮೇಲೆ ಏನೇನು ಬದಲಾಗಿದೆ ಗೊತ್ತಾ? ಗೊತ್ತಿದ್ರೆ ಬರಬೇಡ."

ಗುರುದತ್ತನಿಗೆ ಆ ಮಾತು ಚುಚ್ಚಿತು. ವಾರವಿಡೀ ಅದೇ ಗುಂಗು. ಕೊನೆಗೆ ಅಂಗಡಿಯನ್ನು ಹೆಂಡತಿ ಮಾಧವೀಲತಾಳ ಕೈಗೆ ಒಪ್ಪಿಸಿ, ಗೊಣಗುತ್ತಲೇ ರೈಲು ಹತ್ತಿದ.

ವಿಜಯವಾಡದ ತರಬೇತಿಯಲ್ಲಿ ಶ್ರಾವಣಿ ಮೊದಲಿಗೆ ಒಂದು ಪ್ರಶ್ನೆ ಕೇಳಿದಳು: "ನಿಮ್ಮ ಮನೆಯವರ ಕಣ್ಣಿನ ನರವನ್ನು ಸರಿಯಾಗಿ ನೋಡಿದವರು ಕೈ ಎತ್ತಿ."

ಹಾಲ್ ತುಂಬ ಕಣ್ಣು ನೋಡುವವರೇ ಕೂತಿದ್ದರು. ಒಂದು ಕೈಯೂ ಮೇಲೇಳಲಿಲ್ಲ. ಗುರುದತ್ತ ಕುರ್ಚಿಯಲ್ಲೇ ಮಿಸುಕಾಡಿದ.

ಅಂದಿನ ಪಾಠ ಗ್ಲಾಕೋಮಾದ್ದು. ಕಣ್ಣಿನ ನರ ಸದ್ದಿಲ್ಲದೆ ಸವೆಯುವ ರೋಗ. ಹೆಚ್ಚಿನವರಲ್ಲಿ ಕಣ್ಣಿನ ಒಳಒತ್ತಡ ಏರಿರುತ್ತದೆ, ಕೆಲವರಲ್ಲಿ ಅದೂ ಇಲ್ಲ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಅಕ್ಷರ ಓದುವ ನಡುನೋಟ ಕೊನೆಯವರೆಗೂ ಚೆನ್ನಾಗಿರಬಹುದು. ಮೊದಲು ಹೋಗುವುದು ಸುತ್ತಲಿನ ನೋಟ.

"ಪೇಶೆಂಟ್ ಚಾರ್ಟ್ ಪೂರ್ತಿ ಓದ್ತಾರೆ, ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೀತಾರೆ," ಎಂದಳು ಶ್ರಾವಣಿ. "ಅವರಿಗೆ ನಾವು ಏನಂತೀವಿ? ಕಣ್ಣು ಚೆನ್ನಾಗಿದೆ ಅಂತೀವಿ."

ಉರುಳಿದ ಲೋಟ, ಗೇಟಿಗೆ ಉಜ್ಜಿದ ಸ್ಕೂಟರ್, ಎಲ್ಲವೂ ಗುರುದತ್ತನ ಕಣ್ಣ ಮುಂದೆ ಬಂದವು. ಹೊರಗೆ ಓಡಿ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಭಾವನ ಕೈಗೆ ಸ್ಕೂಟರ್ ಕೀ ಕೊಡಬೇಡ."

"ಯಾಕೋ? ಬಂಗಾರ ಅಂದಿದ್ಯಲ್ಲ?"

"ಬಂದು ಹೇಳ್ತೀನಿ," ಎಂದು ಅವನು ಫೋನ್ ಇಟ್ಟ. ಮಧ್ಯಾಹ್ನದ ಪಾಠದಲ್ಲಿ ಕೂತಲ್ಲಿ ಕೂರಲಾಗಲಿಲ್ಲ, ಆದರೂ ಎದ್ದು ಹೋಗಲಿಲ್ಲ. ರೋಗಿಗೆ ಕಹಿ ಸುದ್ದಿ ಹೇಳುವುದು ಹೇಗೆ ಎಂಬ ಪಾಠವದು. ಹಿಂದಿರುಗುವ ರೈಲು ಗೋದಾವರಿ ಸೇತುವೆ ದಾಟುವಾಗ ಬೋಗಿಯವರೆಲ್ಲ ಕಿಟಕಿಗೆ ಮುಗಿಬಿದ್ದರು. ಅವನು ತಲೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಭಾವ ಮೊದಲ ಬಾರಿಗೆ ಅವನ ಅಂಗಡಿಯ ಕುರ್ಚಿಯಲ್ಲಿ ಕೂತರು. ಶಾರದಾ ಅವರ ಹಿಂದೆ ನಿಂತಳು. ಗುರುದತ್ತ ಎದುರಿಗೆ ಕೂತು, ಅವರ ಬಲಗಣ್ಣು ಮುಚ್ಚಿಸಿದ.

"ನನ್ನ ಕಣ್ಣನ್ನೇ ನೋಡ್ತಾ ಇರಿ ಭಾವ. ಪಕ್ಕದಲ್ಲಿ ಬೆರಳು ಆಡಿದ ತಕ್ಷಣ ಹೇಳಿ."

ಅವನ ಕೈ ಭಾವನ ಎಡಗಡೆ ಚಾಚಿತು. ಭಾವ ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನಕ್ಕು, "ಆಡಿಸಪ್ಪಾ! ನಂಗೆ ಬ್ಯಾಂಕಿಗೆ ಹೊತ್ತಾಯ್ತು," ಎಂದರು.

ಬೆರಳುಗಳು ಆಗಿನಿಂದಲೂ ಆಡುತ್ತಲೇ ಇದ್ದವು. ಶಾರದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬೆರಳಿನ ಪರೀಕ್ಷೆಯಲ್ಲಿ ಸಿಗುವುದು ದೊಡ್ಡ ನಷ್ಟ ಮಾತ್ರ. ಚಿಕ್ಕದು ಕಾಣಬೇಕಾದರೆ ಯಂತ್ರವೇ ಬೇಕು. ಗುರುದತ್ತ ಅಂದೇ ಭಾವನನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದ. ಅವರು ಒತ್ತಡ ಅಳೆದರು, ನರ ನೋಡಿದರು, ಸುತ್ತುನೋಟದ ಪರೀಕ್ಷೆ ಮಾಡಿಸಿದರು. ಗ್ಲಾಕೋಮಾ. ಎಡಗಣ್ಣಿನಲ್ಲಿ ಬಹಳ ಮುಂದುವರಿದಿತ್ತು, ಬಲಗಣ್ಣಿನಲ್ಲಿ ಈಗಷ್ಟೇ ಶುರು.

ಮನೆಗೆ ಬಂದದ್ದೇ ಭಾವ ಕಣ್ಣಿಗೆ ಹಾಕುವ ಹನಿಯ ಪೊಟ್ಟಣವನ್ನು ಮೂಲೆಗೆ ಎಸೆದರು. "ಓದೋಕೆ ಬರುತ್ತೆ, ಬರೆಯೋಕೆ ಬರುತ್ತೆ. ಯಾವ ರೋಗ? ನಾನು ಹಾಕ್ಕೊಳ್ಳಲ್ಲ."

"ಕುರುಡಾಗ್ತೀರಿ ಭಾವ!" ಎಂದು ಕೂಗಲು ಗುರುದತ್ತ ಬಾಯಿ ತೆರೆದ, ತೆರೆದಂತೆಯೇ ಮುಚ್ಚಿದ. ಶ್ರಾವಣಿ ಹೇಳಿದ್ದು ನೆನಪಾಯಿತು: ಹೆದರಿಸಬೇಡಿ, ಮೊದಲು ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ಅವನು ಭಾವನ ಪಕ್ಕದಲ್ಲಿ ಕೂತ.

"ಏನು ಯೋಚನೆ ಭಾವ?"

ಭಾವ ಮೆಲ್ಲಗೆ, "ಚೆಕ್ಕಿನ ಸಹಿ ತಾಳೆ ನೋಡೋನು ನಾನು. ನಂಗೇ ಕಣ್ಣಿಲ್ಲ ಅಂದ್ರೆ ಬ್ಯಾಂಕಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ?" ಎಂದರು.

"ಸಹಿ ನೋಡೋ ಕಣ್ಣು ಇನ್ನೂ ಇದೆ ಭಾವ. ಹೋಗಿದ್ದು ವಾಪಸ್ ಬರಲ್ಲ, ಸುಳ್ಳು ಹೇಳಲ್ಲ. ಇರೋದನ್ನ ಉಳಿಸ್ಕೊಳ್ಳೋಕೇ ಈ ಹನಿ. ದಿನಾ ತಪ್ಪದೆ ಹಾಕ್ಕೋಬೇಕು, ಡಾಕ್ಟರ್ ಹೇಳಿದಾಗೆಲ್ಲ ತೋರಿಸ್ಬೇಕು." ಗುರುದತ್ತ ಭಾವನ ಕೈ ಹಿಡಿದುಕೊಂಡ. "ಸೋಫಾ ಮೇಲೆ ಕೂತು ಬಂಗಾರ ಅಂದಿದ್ದು ನನ್ನ ತಪ್ಪು. ಆ ಸಿಟ್ಟು ನನ್ನ ಮೇಲಿರಲಿ, ಔಷಧದ ಮೇಲೆ ಬೇಡ."

ಶಾರದಾ ಮೂಲೆಯಲ್ಲಿದ್ದ ಪೊಟ್ಟಣ ಎತ್ತಿ ತಂದಳು. ಭಾವ ಅವಳ ಮುಖ ನೋಡಿದರು, ತಲೆ ಹಿಂದಕ್ಕೆ ಒರಗಿಸಿದರು.

ಈಗ ಆ ಮನೆಯಲ್ಲಿ ಬೆಳಗ್ಗೆ ಮೊದಲು ಕಣ್ಣಿಗೆ ಹನಿ, ಆಮೇಲೆ ಕಾಫಿ. ಲೋಟವನ್ನು ಬಲಗಡೆಗೇ ಇಡುತ್ತಾರೆ. ವೈದ್ಯರು ಒಪ್ಪುವವರೆಗೆ ಸ್ಕೂಟರ್ ಕೀ ಶಾರದಾಳ ಬಳಿ. ಈ ರೋಗ ಮನೆತನದಲ್ಲಿ ಬರಬಹುದೆಂದು ರಾಮಚಂದ್ರರ ಮಕ್ಕಳೂ ತಮ್ಮಂದಿರೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಗುರುದತ್ತ ಮುಂದಿನ ತರಬೇತಿಗೆ ತಾನಾಗಿಯೇ ಹೆಸರು ಕೊಟ್ಟಿದ್ದಾನೆ, ಗೊಣಗಾಟ ಮಾತ್ರ ಇನ್ನೂ ಬಿಟ್ಟಿಲ್ಲ.

ಕಣ್ಣು ಪರೀಕ್ಷಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಕಲಿಕೆ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದ ದಿನವೇ ನಿಂತುಹೋಯಿತೇ? ಅಂಗಡಿಯ ಬಾಗಿಲು ಒಂದು ದಿನ ಮುಚ್ಚಿದರೆ ಮುಚ್ಚಲಿ, ತರಬೇತಿಗೆ ಹೋಗಿ. ನಲವತ್ತು ದಾಟಿದವರೇ, ಕನ್ನಡಕದ ನಂಬರಿನಷ್ಟಕ್ಕೇ ತೃಪ್ತರಾಗಬೇಡಿ. "ನನ್ನ ಕಣ್ಣಿನ ಒತ್ತಡ, ನರ ನೋಡಿದಿರಾ?" ಎಂದು ಬಾಯಿ ಬಿಟ್ಟು ಕೇಳಿ. ನಿಮ್ಮ ಮನೆಯಲ್ಲೂ ಒಬ್ಬರು ಪದೇ ಪದೇ ಒಂದೇ ಕಡೆ ಎಡವುತ್ತಿರಬಹುದು. ನಗಬೇಡಿ, ಇಂದೇ ಅವರನ್ನು ಸೋಫಾದಿಂದ ಎಬ್ಬಿಸಿ, ಪರೀಕ್ಷೆಗೆ ಕರೆದುಕೊಂಡು ಹೋಗಿ.